ಡ್ಯಾಕ್‌ಗೆ ಎಷ್ಟು ಕೊಡಬೇಕು, ಕ್ಲಾಕ್‌ಗೆ ಕೊಡಬೇಕೆ?

ದಾವಣಗೆರೆಯಿಂದ ಚಿತ್ರದುರ್ಗದ ಕಡೆಗೆ ಹೊರಟರೆ ರಾಷ್ಟ್ರೀಯ ಹೆದ್ದಾರಿ 48ರ ಮೇಲೆ ಸಿಗುವ ಹೋಬಳಿ ಊರು ಆನಗೋಡು. ಇಲ್ಲಾಗಲಿ, ದಾವಣಗೆರೆ, ಹರಿಹರದಲ್ಲಾಗಲಿ ಹೊಸ ಮನೆ ಕಟ್ಟಿಸಿ ಒಂದು ಕೋಣೆಯನ್ನು ಸಂಗೀತಕ್ಕೆಂದೇ ಬಿಟ್ಟವರಿಗೆ ಒಂದು ತೊಡಕಿದೆ. ದುಬಾರಿ ಆಡಿಯೊ ಉಪಕರಣಗಳನ್ನು ಸಾಲಾಗಿ ಇಟ್ಟು ಕೇಳಿಸುವ ಅಂಗಡಿ ಬೇಕೆಂದರೆ ಸುಮಾರು 250 ಕಿ.ಮೀ. ದೂರದ ಬೆಂಗಳೂರಿಗೆ ಹೋಗಬೇಕು. ಅಲ್ಲಿ ಕೇಳಿದ್ದೂ ಬೇರೆ ಕೋಣೆ, ಬೇರೆ ಸ್ಪೀಕರಿನಲ್ಲಿ. ಹಾಗಾಗಿ ಬಹಳಷ್ಟು ಜನ ಜಾಹೀರಾತು ಮತ್ತು ವಿಮರ್ಶೆಗಳನ್ನು ನೆಚ್ಚಿ ಲಕ್ಷಗಟ್ಟಲೆ ಹಣ ಹಾಕುತ್ತಾರೆ. ಹಾಗೆ ಹಣ ಹೋಗುವ ಎರಡು ದಾರಿಗಳೆಂದರೆ ಡಿಜಿಟಲ್ ಕಡತವನ್ನು ಅನಲಾಗ್ ಸಂಕೇತವಾಗಿಸುವ ಮೇಲ್ದರ್ಜೆಯ ಡ್ಯಾಕ್ ಮತ್ತು ಅದಕ್ಕೆ ಕಾಲ ಹೇಳಿಕೊಡಲೆಂದು ಪಕ್ಕದಲ್ಲಿಡುವ ಹೊರಗಿನ ಕ್ಲಾಕ್. ಇವೆರಡನ್ನೂ ಮನೆಯಲ್ಲೇ, ಕಡಿಮೆ ಖರ್ಚಿನಲ್ಲಿ, ಪ್ರಾಮಾಣಿಕವಾಗಿ ಪರೀಕ್ಷಿಸಬಹುದು. ಹೇಗೆ ಎಂದು ಹೇಳುವುದಕ್ಕೇ ಈ ಬರಹ.

ಮೊದಲು ಡ್ಯಾಕ್‌ನ ಕೆಲಸ. ಕಡತದಲ್ಲಿರುವ ಅಂಕಿಗಳನ್ನು ಅದು ವಿದ್ಯುತ್ ಅಲೆಯಾಗಿ ಬದಲಿಸುತ್ತದೆ. ಸಿ.ಡಿ.ಯಲ್ಲಿ ಪ್ರತಿ ಸೆಕೆಂಡಿಗೆ ಪ್ರತಿ ಚಾನೆಲ್‌ಗೆ 44,100 ಮಾದರಿಗಳಿದ್ದು ಒಂದೊಂದೂ 16 ಬಿಟ್ ಉದ್ದ. 44,100 ಎಂಬ ಸಂಖ್ಯೆ ಬಂದದ್ದು ಹಳೆಯ ವಿಡಿಯೊ ರೆಕಾರ್ಡರುಗಳಿಂದ. ಸಾಲಿಗೆ 3 ಮಾದರಿಯಂತೆ 245 ಸಾಲು, ಸೆಕೆಂಡಿಗೆ 60 ಅರ್ಧ ಚೌಕಟ್ಟು (ಫೀಲ್ಡ್), ಗುಣಿಸಿದರೆ ಅಷ್ಟೇ ಆಗುತ್ತದೆ. 1982ರಲ್ಲಿ ಸಿ.ಡಿ. ಮಾರುಕಟ್ಟೆಗೆ ಬಂದಾಗ 16 ಬಿಟ್ಟನ್ನು ನಿಖರವಾಗಿ ಪರಿವರ್ತಿಸುವ ಚಿಪ್ ಮಾಡುವುದೇ ಕಷ್ಟವಾಗಿತ್ತು. ಫಿಲಿಪ್ಸ್ ಕಂಪನಿ 14 ಬಿಟ್ಟಿನ ಚಿಪ್ ಬಳಸಿ, ಮಾದರಿಗಳನ್ನು ನಾಲ್ಕು ಪಟ್ಟು ಹೆಚ್ಚಿಸಿ (ಇದೇ ಓವರ್‌ಸ್ಯಾಂಪ್ಲಿಂಗ್) ಆ ಕೊರತೆಯನ್ನು ತುಂಬಿಕೊಂಡಿತು. ಆ ಕಾಲದಲ್ಲಿ ಡ್ಯಾಕ್‌ಗೆ ಹೆಚ್ಚು ಹಣ ಕೊಟ್ಟರೆ ಕಿವಿಗೆ ಕೇಳಿಸುವ ಲಾಭ ಸಿಗುತ್ತಿತ್ತು.

ಈಗ ಪರಿಸ್ಥಿತಿ ಹಾಗಿಲ್ಲ. 16 ಬಿಟ್ಟಿನ ಸೈದ್ಧಾಂತಿಕ ವ್ಯಾಪ್ತಿ ಸುಮಾರು 98 ಡೆಸಿಬೆಲ್. ಅಂದರೆ ಅತಿ ದೊಡ್ಡ ಶಬ್ದಕ್ಕೂ ಯಂತ್ರದ ಸ್ವಂತ ಗೊರಗೊರಕ್ಕೂ ನಡುವಿನ ಅಂತರ ಅಷ್ಟು. ಹತ್ತು ಹದಿನೈದು ಸಾವಿರ ರೂಪಾಯಿಯ ಒಳ್ಳೆಯ ಮೇಜಿನ ಡ್ಯಾಕ್‌ಗಳೇ ಇಂದು 110ರಿಂದ 120 ಡೆಸಿಬೆಲ್ ಮುಟ್ಟುತ್ತವೆ. 120 ಎಂದರೆ ಸುಮಾರು 19.6 ಬಿಟ್. ಪೆಟ್ಟಿಗೆಯ ಮೇಲೆ 24 ಬಿಟ್, 32 ಬಿಟ್ ಎಂದು ಬರೆದಿದ್ದರೂ ರೆಸಿಸ್ಟರಿನಲ್ಲಿ ಶಾಖದಿಂದ ಹುಟ್ಟುವ ಸಹಜ ಗದ್ದಲವೇ ನಿಜವಾದ 24 ಬಿಟ್ಟಿಗೆ ಅಡ್ಡ ನಿಲ್ಲುತ್ತದೆ. ಅಷ್ಟು ನಿಖರವಾದ ಪೆಟ್ಟಿಗೆ ಯಾರ ಬಳಿಯೂ ಇಲ್ಲ, ಐವತ್ತು ಲಕ್ಷ ಕೊಟ್ಟರೂ ಸಿಗುವುದಿಲ್ಲ.

ಆರ್-2ಆರ್ ಎಂಬ ಏಣಿಯಾಕಾರದ ರೆಸಿಸ್ಟರ್ ಡ್ಯಾಕ್‌ಗಳ ಬಗ್ಗೆ ಒಂದು ಮಾತು, ಏಕೆಂದರೆ ಇವುಗಳಿಗೆ ಅಭಿಮಾನಿಗಳು ಬಹಳ. ಇದರಲ್ಲಿ ಪ್ರತಿ ಬಿಟ್ಟಿಗೂ ಒಂದು ರೆಸಿಸ್ಟರ್ ಜೋಡಿ. 16 ಬಿಟ್ ಸರಿಯಾಗಿ ಬರಬೇಕಾದರೆ ಮೇಲಿನ ಬಿಟ್ಟಿನ ರೆಸಿಸ್ಟರ್ 65,536ರಲ್ಲಿ ಒಂದು ಪಾಲಿನಷ್ಟೂ ತಪ್ಪಬಾರದು. ಮಾರುಕಟ್ಟೆಯ ಅತ್ಯುತ್ತಮ ಬಿಡಿ ರೆಸಿಸ್ಟರುಗಳಲ್ಲಿ ಸಾಮಾನ್ಯವಾಗಿ ಸಿಗುವ ನಿಖರತೆ ಶೇ 0.01, ಅಂದರೆ 10,000ದಲ್ಲಿ ಒಂದು ಪಾಲು. ಉಳಿದದ್ದನ್ನು ಲೆಕ್ಕಾಚಾರದ ತಿದ್ದುಪಡಿಯಿಂದ ಸರಿಪಡಿಸಬೇಕು. ಚೆನ್ನಾಗಿ ಮಾಡಿದವರಿದ್ದಾರೆ, ಮಾಡದವರೂ ಇದ್ದಾರೆ. ಅಳತೆಯ ವರದಿ ನೋಡದೆ ಇಂಥದ್ದನ್ನು ಕೊಳ್ಳಬೇಡಿ. ಇದೇ ಸಾಲಿನ ‘ಓವರ್‌ಸ್ಯಾಂಪ್ಲಿಂಗ್ ಇಲ್ಲದ’ ಡ್ಯಾಕ್‌ಗಳು 44.1 ಕಿಲೋಹರ್ಟ್ಸ್ ಕಡತದಲ್ಲಿ 20 ಕಿಲೋಹರ್ಟ್ಸ್ ಹತ್ತಿರ 3 ಡೆಸಿಬೆಲ್‌ಗಿಂತ ಸ್ವಲ್ಪ ಹೆಚ್ಚೇ ತಗ್ಗುತ್ತವೆ. ಅವುಗಳ ‘ಮೃದುವಾದ, ಬೆಚ್ಚಗಿನ’ ದನಿಗೆ ಇದೊಂದು ಸರಳ ಕಾರಣ. ಅದು ಇಷ್ಟವಾದರೆ ತಪ್ಪಲ್ಲ. ಆದರೆ ಅಷ್ಟು ಇಳಿಕೆಯನ್ನು ಈಕ್ವಲೈಸರಿನಲ್ಲಿ ಪುಕ್ಕಟೆಯಾಗಿ ಪಡೆಯಬಹುದು ಎಂದು ತಿಳಿದು ಕೊಳ್ಳಿ.

ನಾವು ಕೇಳುವುದು ಏನನ್ನು?

ಡ್ಯಾಕ್‌ನ ಬೆಲೆ ತೀರ್ಮಾನಿಸುವ ಮುಂಚೆ ನಿಮ್ಮ ಹಾಡಿನ ಸಂಗ್ರಹ ನೋಡಿ. ಕನ್ನಡ ಮನೆಯ ಸಂಗ್ರಹದಲ್ಲಿ ದಾಸರ ಪದ, ವಚನ, ಭಾವಗೀತೆ, ಎಪ್ಪತ್ತು ಎಂಬತ್ತರ ದಶಕದ ಸಿನಿಮಾ ಹಾಡು, ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರ ಧ್ವನಿಮುದ್ರಣ ಇದ್ದೇ ಇರುತ್ತವೆ. ನಿಸಾರ್ ಅಹಮದ್ ಅವರ ಗೀತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಕ್ಯಾಸೆಟ್ ಆಗಿ ಬಂದು ಕನ್ನಡದಲ್ಲಿ ಭಾವಗೀತೆ ಕ್ಯಾಸೆಟ್ಟುಗಳ ಯುಗವನ್ನೇ ತೆರೆಯಿತು. ಕ್ಯಾಸೆಟ್ಟಿನ ವ್ಯಾಪ್ತಿ 50ರಿಂದ 60 ಡೆಸಿಬೆಲ್. ಬಿಟ್ಟಿನ ಲೆಕ್ಕಕ್ಕೆ ತಂದರೆ 8ರಿಂದ 10 ಬಿಟ್ ಅಷ್ಟೆ. ಕ್ಯಾಸೆಟ್ಟಿನಿಂದ ಡಿಜಿಟಲ್‌ಗೆ ಇಳಿಸಿದ ಹಾಡನ್ನು 120 ಡೆಸಿಬೆಲ್‌ನ ಡ್ಯಾಕ್‌ನಲ್ಲಿ ಹಾಕಿದರೆ ಟೇಪಿನ ‘ಸ್ಸ್’ ಶಬ್ದ ಅಚ್ಚುಕಟ್ಟಾಗಿ ಕೇಳುತ್ತದೆ, ಅದರ ಕೆಳಗೆ ಡ್ಯಾಕ್‌ನ ಮೌನ ಎಷ್ಟು ಆಳವಾಗಿದ್ದರೂ ಪ್ರಯೋಜನವಿಲ್ಲ.

ಕಾಲದ ನಿಖರತೆಯ ಲೆಕ್ಕ ಇನ್ನೂ ಸ್ವಾರಸ್ಯ. ಒಳ್ಳೆಯ ಕ್ಯಾಸೆಟ್ ಡೆಕ್ಕಿನಲ್ಲೂ ಟೇಪಿನ ವೇಗ ಸುಮಾರು ಶೇ 0.1ರಷ್ಟು ತೂಗಾಡುತ್ತದೆ. ಸೆಕೆಂಡಿಗೆ ನಾಲ್ಕು ಬಾರಿ ತೂಗಿದರೆ ಸ್ವರ ತನ್ನ ಸರಿಯಾದ ಜಾಗದಿಂದ ಸುಮಾರು 40 ಮೈಕ್ರೋಸೆಕೆಂಡ್ ಆಚೀಚೆ ಹೋಗಿ ಬರುತ್ತದೆ. ಇವತ್ತಿನ ಸಾಧಾರಣ ಡ್ಯಾಕ್‌ನ ಕಾಲದೋಷವನ್ನು, ಅಂದರೆ ಮಾದರಿ ಹೊರಬರುವ ಗಳಿಗೆಯಲ್ಲಾಗುವ ತಪ್ಪನ್ನು, 100 ಪಿಕೋಸೆಕೆಂಡ್ ಎಂದು ಧಾರಾಳವಾಗಿ ಇಟ್ಟುಕೊಂಡರೂ ಟೇಪಿನ ದೋಷ ಅದರ ನಾಲ್ಕು ಲಕ್ಷ ಪಟ್ಟು. ಎರಡೂ ದೋಷಗಳ ಸ್ವಭಾವ ಬೇರೆ, ನೇರ ಹೋಲಿಕೆ ಸಲ್ಲದು ಎಂದು ತಿಳಿದವರು ಹೇಳಬಹುದು, ಒಪ್ಪುತ್ತೇನೆ. ಆದರೆ ಆ ಧ್ವನಿಮುದ್ರಣಗಳನ್ನು ಫೆಮ್ಟೋಸೆಕೆಂಡ್ ನಿಖರತೆಯದೆಂದು ಮಾರುವ ‘ಫೆಮ್ಟೋ ಕ್ಲಾಕ್’ ಉದ್ಧಾರ ಮಾಡುತ್ತದೆ ಎಂಬ ಮಾತು ನಿಲ್ಲುವುದಿಲ್ಲ ಎನ್ನಲು ಈ ಲೆಕ್ಕ ಸಾಕು. ಹಳೆಯ ಹಾಡುಗಳಿಗೆ ಹಣ ಹಾಕಬೇಕೆಂದರೆ ಚೆನ್ನಾಗಿ ಮರುಮುದ್ರಿಸಿದ ಆವೃತ್ತಿ ಹುಡುಕಲು ಹಾಕಿ.

ಹೊಸ ಮುದ್ರಣಗಳ ವಿಷಯವೇನು? 24 ಬಿಟ್, 96 ಕಿಲೋಹರ್ಟ್ಸ್‌ನಂಥ ಹೈ-ರೆಸಲ್ಯೂಶನ್ ಮುದ್ರಣಗಳು ಸಿ.ಡಿ. ಗುಣಮಟ್ಟಕ್ಕಿಂತ ಮೇಲೆಂದು ಕೇಳಿಸುತ್ತವೆಯೇ ಎಂಬುದನ್ನು 2007ರಲ್ಲಿ ಮೇಯರ್ ಮತ್ತು ಮೊರಾನ್ ಪರೀಕ್ಷಿಸಿದರು. ಹೈ-ರೆಸಲ್ಯೂಶನ್ ಸಂಗೀತದ ದಾರಿಯಲ್ಲಿ 16 ಬಿಟ್, 44.1ರ ಒಂದು ಕಂಡಿ ಇಟ್ಟು, ಅದು ಇದೆಯೋ ಇಲ್ಲವೋ ಗುರುತಿಸಿ ಎಂದರು. 554 ಸಲದಲ್ಲಿ 276 ಸಲ ಉತ್ತರ ಸರಿ ಬಂತು, ಅಂದರೆ ನಾಣ್ಯ ಚಿಮ್ಮಿದಷ್ಟೇ. 2016ರಲ್ಲಿ ಜೋಶುವಾ ರೈಸ್ ಹಲವಾರು ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದಾಗ ಗುರುತಿಸುವಿಕೆ ಶೇ 52.3 ಇತ್ತು. ತರಬೇತಿ ಪಡೆದವರಲ್ಲಿ ಇನ್ನಷ್ಟು ಹೆಚ್ಚು. ವ್ಯತ್ಯಾಸ ಶೂನ್ಯವಲ್ಲ, ಆದರೆ ಬಹಳ ಸಣ್ಣದು. ಡ್ಯಾಕ್ ಮಾರುವವರು ಹೇಳುವ ‘ಪರದೆ ಸರಿದಂತಾಯಿತು’ ಎಂಬ ಅನುಭವಕ್ಕೆ ಈ ಅಂಕಿಗಳಲ್ಲಿ ಜಾಗವಿಲ್ಲ.

ಹೊರಗಿನ ಕ್ಲಾಕ್: ಬೇಕಾದಲ್ಲಿ ಬೇಕು

ಡ್ಯಾಕ್‌ನೊಳಗಿನ ಕ್ವಾರ್ಟ್ಜ್ ಹರಳು ಪ್ರತಿ ಮಾದರಿಯನ್ನೂ ಯಾವ ಗಳಿಗೆಯಲ್ಲಿ ಹೊರಬಿಡಬೇಕು ಎಂದು ಹೇಳುತ್ತದೆ. ಆ ಗಳಿಗೆ ಹಿಂದುಮುಂದಾದರೆ ಅದು ಜಿಟ್ಟರ್. ಜಿಟ್ಟರ್ ಇದ್ದರೆ ಮೂಲ ಸ್ವರದ ಎರಡೂ ಬದಿಗೆ ಇಲ್ಲದ ಸ್ವರಗಳು ಸಣ್ಣಗೆ ಹುಟ್ಟುತ್ತವೆ. ಎಷ್ಟು ಸಣ್ಣಗೆ? 10 ಕಿಲೋಹರ್ಟ್ಸ್ ಸ್ವರಕ್ಕೆ 1 ನ್ಯಾನೋಸೆಕೆಂಡ್ ಜಿಟ್ಟರ್ ಇದ್ದರೆ ಪಕ್ಕದ ಸ್ವರಗಳು ಮೂಲಕ್ಕಿಂತ 90 ಡೆಸಿಬೆಲ್ ಕೆಳಗೆ. 100 ಪಿಕೋಸೆಕೆಂಡ್ ಆದರೆ 110 ಕೆಳಗೆ. 10 ಪಿಕೋಸೆಕೆಂಡ್ ಆದರೆ 130 ಕೆಳಗೆ. ಕೆಳಗಿನ ಸ್ವರಗಳಿಗೆ ಇದು ಇನ್ನೂ ಕಡಿಮೆ. ತಂಬೂರಿಯ ಷಡ್ಜ, ಗಾಯಕರ ಕಂಠ ಇರುವ ಕೆಲವು ನೂರು ಹರ್ಟ್ಸ್‌ಗಳಲ್ಲಿ ಅದು ಲೆಕ್ಕಕ್ಕೆ ಬಾರದಷ್ಟು.

ಕಿವಿಯ ಮಿತಿಯನ್ನೂ ಅಳೆದಿದ್ದಾರೆ. 1998ರಲ್ಲಿ ಡಾಲ್ಬಿ ಸಂಸ್ಥೆಯ ಬೆಂಜಮಿನ್ ಮತ್ತು ಗ್ಯಾನನ್ ನಡೆಸಿದ ಪ್ರಯೋಗದಲ್ಲಿ ಸಂಗೀತ ಕೇಳುವಾಗ ಜಿಟ್ಟರ್ ಗುರುತಿಸಿದ ಅತಿ ಸೂಕ್ಷ್ಮ ಮಟ್ಟ ಸುಮಾರು 20 ನ್ಯಾನೋಸೆಕೆಂಡ್. 2005ರಲ್ಲಿ ಜಪಾನಿನ ಅಶಿಹಾರ ಮತ್ತು ಸಂಗಡಿಗರು ಯಾದೃಚ್ಛಿಕ ಜಿಟ್ಟರ್ ಬಳಸಿ ನೋಡಿದಾಗ ಅದು ನೂರಾರು ನ್ಯಾನೋಸೆಕೆಂಡಿಗೆ ಏರಿತು. ಸಾಧಾರಣ ಡ್ಯಾಕ್ ಈ ಎರಡೂ ಮಿತಿಗಳಿಗಿಂತ ನೂರು ಪಟ್ಟಿಗೂ ಹೆಚ್ಚು ಚೆನ್ನಾಗಿದೆ.

ಇನ್ನು ಮಾರಾಟದಲ್ಲಿರುವ ಹೊರಗಿನ ಕ್ಲಾಕ್‌ಗಳು. ಬಹುಪಾಲು 10 ಮೆಗಾಹರ್ಟ್ಸ್ ಕೊಡುವಂಥವು. ಜರ್ಮನಿಯ ಮ್ಯೂಟೆಕ್ ಕಂಪನಿಯ ರೆಫ್10 ಒಳಗೆ ಹರಳನ್ನು ಬಿಸಿ ಗೂಡಿನಲ್ಲಿಟ್ಟ ಕ್ಲಾಕ್ ಇದೆ. ಆಂಟಿಲೋಪ್ ಕಂಪನಿಯ 10ಎಂ ಒಳಗೆ ರುಬಿಡಿಯಂ ಪರಮಾಣು ಗಡಿಯಾರವಿದೆ. ಇಂಗ್ಲೆಂಡಿನ ಡಿಸಿಎಸ್ ಕಂಪನಿಯ ವಿವಾಲ್ಡಿ ಸರಣಿಗೆ ಪ್ರತ್ಯೇಕ ಮಾಸ್ಟರ್ ಕ್ಲಾಕ್ ಇದೆ, ಅದೊಂದರ ಬೆಲೆಯೇ ಹತ್ತು ಲಕ್ಷ ದಾಟುತ್ತದೆ. ಇಂಜಿನಿಯರಿಂಗ್ ದೃಷ್ಟಿಯಿಂದ ಇವು ಸುಂದರ ಯಂತ್ರಗಳು. ಪ್ರಶ್ನೆ ಇರುವುದು ಅವು ನಿಮ್ಮ ಡ್ಯಾಕ್‌ಗೆ ಏನು ಮಾಡುತ್ತವೆ ಎಂಬಲ್ಲಿ.

ಆಡಿಯೊಗೆ ಬೇಕಾದ ಮೂಲ ಕಂಪನಾಂಕ ಎರಡು. 44.1ರ ಕುಟುಂಬಕ್ಕೆ 22.5792 ಮೆಗಾಹರ್ಟ್ಸ್, 48ರ ಕುಟುಂಬಕ್ಕೆ 24.576. ಇವೆರಡೂ ಹತ್ತರ ಸರಿ ಗುಣಕಗಳಲ್ಲ. ಆದ್ದರಿಂದ ಹೊರಗಿನಿಂದ ಬಂದ 10 ಮೆಗಾಹರ್ಟ್ಸ್ ಅನ್ನು ಡ್ಯಾಕ್ ನೇರವಾಗಿ ಬಳಸಲಾರದು. ಪಿಎಲ್ಎಲ್ ಎಂಬ ಸರ್ಕ್ಯೂಟ್ ಅದನ್ನು ನೋಡುತ್ತಾ ಮತ್ತೊಂದು ಆಂದೋಲಕವನ್ನು ಹೊಂದಿಸಬೇಕು. ಹೀಗೆ 10ರಿಂದ 22.5792ಕ್ಕೆ ಏರಿಸುವಾಗ ಗಣಿತದ ನಿಯಮದಂತೆಯೇ ಸುಮಾರು 7 ಡೆಸಿಬೆಲ್ ಗದ್ದಲ ಸೇರುತ್ತದೆ. ಅದರ ಮೇಲೆ ಪಿಎಲ್ಎಲ್‌ನ ಸ್ವಂತ ಗದ್ದಲ, ಕೇಬಲ್ ಹಿಡಿದು ತರುವ ಗದ್ದಲ. ಒಳಗಿನ ಹರಳು ಚಿಪ್ಪಿನಿಂದ ಒಂದೆರಡು ಸೆಂಟಿಮೀಟರ್ ದೂರದಲ್ಲಿದೆ, ನೇರ ಸಂಪರ್ಕ. ಭಜನೆಯಲ್ಲಿ ತಾಳ ಹಾಕುವವರು ಹಾಡುವವರ ಮಗ್ಗುಲಲ್ಲೇ ಕೂರುವುದಕ್ಕೆ ಯಾವ ಕಾರಣವೋ ಇದಕ್ಕೂ ಅದೇ ಕಾರಣ. ಬ್ರಿಟನ್ನಿನ ‘ಸೌಂಡ್ ಆನ್ ಸೌಂಡ್’ ಪತ್ರಿಕೆ 2010ರಲ್ಲಿ ಹಲವು ಮಾಸ್ಟರ್ ಕ್ಲಾಕ್‌ಗಳನ್ನು ಅಳತೆ ಮಾಡಿ, ಚೆನ್ನಾಗಿ ಕಟ್ಟಿದ ಪರಿವರ್ತಕ ತನ್ನ ಒಳಗಿನ ಕ್ಲಾಕ್‌ನಲ್ಲೇ ಉತ್ತಮವಾಗಿ ನಡೆಯುತ್ತದೆ ಎಂಬ ತೀರ್ಮಾನಕ್ಕೆ ಬಂತು. ಹೊರಗಿನದ್ದನ್ನು ಸಿಕ್ಕಿಸಿದಾಗ ಫಲಿತಾಂಶ ಹೆಚ್ಚೆಂದರೆ ಅಷ್ಟೇ ಉಳಿಯಿತು, ಕೆಲವದರಲ್ಲಿ ಕೆಟ್ಟಿತು.

ಪರಮಾಣು ಗಡಿಯಾರದ ಆಕರ್ಷಣೆ ಬೇರೆಯೇ ತರಹದ್ದು. ರುಬಿಡಿಯಂ ಗಡಿಯಾರ ದಿನಗಟ್ಟಲೆ, ತಿಂಗಳುಗಟ್ಟಲೆ ಕಂಪನಾಂಕ ತಪ್ಪುವುದಿಲ್ಲ, ನಿಜ. ಆದರೆ ಆ ಬಗೆಯ ನಿಖರತೆ ಸಂಗೀತಕ್ಕೆ ಬೇಕೆ? ಸಾಧಾರಣ ಹರಳು ಹತ್ತು ಲಕ್ಷದಲ್ಲಿ 50 ಪಾಲು ತಪ್ಪುತ್ತದೆ ಎಂದಿಟ್ಟುಕೊಳ್ಳೋಣ. ಒಂದು ಗಂಟೆಯ ಖಯಾಲ್ 0.18 ಸೆಕೆಂಡ್ ಮುಂಚೆಯೋ ತಡವಾಗಿಯೋ ಮುಗಿಯುತ್ತದೆ. ಶ್ರುತಿಯ ಲೆಕ್ಕದಲ್ಲಿ, ಅರ್ಧ ಸ್ವರದ ಅಂತರವನ್ನು ನೂರು ಸೆಂಟ್ ಎಂದು ಭಾಗ ಮಾಡಿದರೆ ಇದು ಒಂದು ಸೆಂಟಿನ ಹತ್ತರಲ್ಲೊಂದು ಪಾಲಿಗಿಂತ ಕಡಿಮೆ. ತಂಬೂರಿ ಶ್ರುತಿ ಮಾಡುವವರ ಎಷ್ಟೇ ಪಳಗಿದ ಕಿವಿಯೂ ಅಷ್ಟನ್ನು ಹಿಡಿಯದು. ಡ್ಯಾಕ್‌ಗೆ ಬೇಕಾದದ್ದು ಕ್ಷಣಕ್ಷಣದ ಸ್ಥಿರತೆ, ಅದನ್ನು ‘ಫೇಸ್ ನಾಯ್ಸ್’ ಎಂದು ಅಳೆಯುತ್ತಾರೆ. ಈ ವಿಷಯದಲ್ಲಿ ಒಳ್ಳೆಯ ಹರಳು ರುಬಿಡಿಯಂಗಿಂತ ಹಿಂದೆ ಬಿದ್ದಿಲ್ಲ.

‘ಫೆಮ್ಟೋಸೆಕೆಂಡ್’ ಅಂಕಿಯನ್ನು ಓದುವ ಬಗೆ ಇಲ್ಲೇ ಹೇಳಿಬಿಡಬೇಕು. ಹರಳು ತಯಾರಕರು 80 ಫೆಮ್ಟೋಸೆಕೆಂಡ್ ಎಂದೋ ಇನ್ನಷ್ಟು ಕಡಿಮೆ ಎಂದೋ ಬರೆಯುವಾಗ ಸಾಮಾನ್ಯವಾಗಿ 12 ಕಿಲೋಹರ್ಟ್ಸ್‌ನಿಂದ 20 ಮೆಗಾಹರ್ಟ್ಸ್‌ವರೆಗಿನ ಗದ್ದಲವನ್ನಷ್ಟೇ ಕೂಡಿರುತ್ತಾರೆ. ದೂರಸಂಪರ್ಕ ಕ್ಷೇತ್ರದ ರೂಢಿ ಅದು. ಸಂಗೀತದ ಮೇಲೆ ಪರಿಣಾಮ ಆಗುವುದು ಅದಕ್ಕೆ ಕೆಳಗೆ, 1 ಹರ್ಟ್ಸ್‌ನಿಂದ ಕೆಲವು ಕಿಲೋಹರ್ಟ್ಸ್ ದೂರದಲ್ಲಿ. ಆದ್ದರಿಂದ ಮಾರುವವರನ್ನು ‘10 ಹರ್ಟ್ಸ್ ದೂರದಲ್ಲಿ ಫೇಸ್ ನಾಯ್ಸ್ ಎಷ್ಟು, 100ರಲ್ಲಿ ಎಷ್ಟು’ ಎಂದು ಕೇಳಿ. ಅದಕ್ಕಿಂತ ಮುಖ್ಯವಾದ ಪ್ರಶ್ನೆ, ‘ಕ್ಲಾಕ್ ಸಿಕ್ಕಿಸುವ ಮುಂಚೆ, ಸಿಕ್ಕಿಸಿದ ಮೇಲೆ ಡ್ಯಾಕ್‌ನ ಅನಲಾಗ್ ಹೊರಹರಿವಿನಲ್ಲಿ ಆದ ಬದಲಾವಣೆಯ ನಕ್ಷೆ ಕೊಡಿ’. ಕ್ಲಾಕ್‌ನ ಅಂಕಿ ಎಷ್ಟು ಚೆನ್ನಾಗಿದ್ದರೂ ನಮ್ಮ ಕಿವಿಗೆ ಬರುವುದು ಡ್ಯಾಕ್‌ನ ಹೊರಹರಿವು ಮಾತ್ರ.

ಹಾಗಾದರೆ ಹೊರಗಿನ ಕ್ಲಾಕ್ ಯಾರಿಗೆ? ಒಂದಕ್ಕಿಂತ ಹೆಚ್ಚು ಡಿಜಿಟಲ್ ಯಂತ್ರಗಳು ಒಂದೇ ಹೆಜ್ಜೆ ಹಾಕಬೇಕಾದ ಕಡೆ ಅದು ಬೇಕೇ ಬೇಕು. ಹದಿನಾರು ಮೈಕ್ ಇಟ್ಟು ಎರಡು ಮೂರು ಪರಿವರ್ತಕಗಳಲ್ಲಿ ಧ್ವನಿ ಮುದ್ರಿಸುವ ಸ್ಟುಡಿಯೊ, ಚಿತ್ರದೊಂದಿಗೆ ಧ್ವನಿ ಹೊಂದಿಸುವ ಡಬ್ಬಿಂಗ್ ಕೋಣೆ, ಆಕಾಶವಾಣಿಯಂಥ ಪ್ರಸಾರ ಕೇಂದ್ರ, ಇವೆಲ್ಲ ಎಲ್ಲ ಯಂತ್ರಗಳಿಗೂ ಒಂದೇ ತಾಳ ಕೊಡುವ ವರ್ಡ್ ಕ್ಲಾಕ್‌ನಂಥ ವ್ಯವಸ್ಥೆ ಇಲ್ಲದೆ ನಡೆಯವು. ಮನೆಯಲ್ಲೂ ಟ್ರಾನ್ಸ್‌ಪೋರ್ಟ್, ಅಪ್‌ಸ್ಯಾಂಪ್ಲರ್, ಡ್ಯಾಕ್ ಮೂರೂ ಬೇರೆ ಬೇರೆ ಪೆಟ್ಟಿಗೆಗಳಾಗಿರುವ ಡಿಸಿಎಸ್, ಎಸೊಟೆರಿಕ್ ಮಾದರಿಯ ವ್ಯವಸ್ಥೆಗೆ ಅರ್ಥವಿದೆ. ಆದರೆ ಕಂಪ್ಯೂಟರಿನಿಂದಲೋ ಸ್ಟ್ರೀಮರಿನಿಂದಲೋ ಯುಎಸ್‌ಬಿ ಮೂಲಕ ಒಂದು ಡ್ಯಾಕ್‌ಗೆ ಹಾಡು ಹೋಗುವ ಮನೆಯಲ್ಲಿ ಡ್ಯಾಕೇ ಯಜಮಾನ. ಅಸಿಂಕ್ರೊನಸ್ ಯುಎಸ್‌ಬಿಯಲ್ಲಿ ‘ಇಷ್ಟು ಬೇಗ ಕಳಿಸು, ಇಷ್ಟು ನಿಧಾನ ಕಳಿಸು’ ಎಂದು ಡ್ಯಾಕ್ ತನ್ನ ಕ್ಲಾಕ್ ನೋಡಿ ಕಂಪ್ಯೂಟರಿಗೆ ಹೇಳುತ್ತದೆ. ಕಂಪ್ಯೂಟರಿನ ಕಡೆಗೋ ನೆಟ್‌ವರ್ಕ್ ಸ್ವಿಚ್ಚಿನ ಕಡೆಗೋ ದುಬಾರಿ ಕ್ಲಾಕ್ ಜೋಡಿಸಿ ಉಪಯೋಗವಿಲ್ಲ.

ಈಗಾಗಲೇ ಕ್ಲಾಕ್ ಕೊಂಡಿದ್ದರೆ ಕೇಬಲ್ ಗಮನಿಸಿ. ವರ್ಡ್ ಕ್ಲಾಕ್‌ಗೆ 75 ಓಮ್, 10 ಮೆಗಾಹರ್ಟ್ಸ್‌ಗೆ ಹಲವು ಯಂತ್ರಗಳಲ್ಲಿ 50 ಓಮ್. ಬಿಎನ್‌ಸಿ ಪ್ಲಗ್ ನೋಡಲು ಒಂದೇ ತರಹ ಇರುವುದರಿಂದ ತಪ್ಪು ಕೇಬಲ್ ಸಲೀಸಾಗಿ ಕೂರುತ್ತದೆ, ಸಂಕೇತ ಮಾತ್ರ ಪ್ರತಿಫಲಿಸಿ ಹಾಳಾಗುತ್ತದೆ.

ಮನೆಯಲ್ಲಿ ಪರೀಕ್ಷೆ

ಡ್ಯಾಕ್ ಹೋಲಿಕೆಯಲ್ಲಿ ಹೆಚ್ಚು ಮೋಸ ಮಾಡುವುದು ಶಬ್ದದ ಮಟ್ಟ. ಒಂದು ಡ್ಯಾಕ್ 2 ವೋಲ್ಟ್, ಇನ್ನೊಂದು 2.2 ವೋಲ್ಟ್ ಕೊಟ್ಟರೆ ಎರಡನೆಯದು 0.8 ಡೆಸಿಬೆಲ್ ಜೋರು. ಇಷ್ಟು ವ್ಯತ್ಯಾಸವನ್ನು ಕಿವಿ ‘ಜೋರು’ ಎಂದು ಗುರುತಿಸುವುದಿಲ್ಲ, ‘ಸ್ಪಷ್ಟ’, ‘ತುಂಬಿದ’, ‘ಜೀವಂತ’ ಎಂದು ಗುರುತಿಸುತ್ತದೆ. ಎಕ್ಸ್‌ಎಲ್‌ಆರ್ ಹೊರದಾರಿಯಲ್ಲಿ 4 ವೋಲ್ಟ್ ಬರುವುದರಿಂದ ಆರ್‌ಸಿಎ ಜೊತೆ ಹೋಲಿಸಿದರೆ ಅಂತರ ಇನ್ನೂ ದೊಡ್ಡದು. ಅಂಗಡಿಯಲ್ಲಿ ದುಬಾರಿ ಪೆಟ್ಟಿಗೆ ಗೆಲ್ಲುವುದು ಎಷ್ಟೋ ಸಲ ಇದರಿಂದಲೇ.

ಸರಿಪಡಿಸುವುದು ಸುಲಭ. ಎರಡೂ ಡ್ಯಾಕ್‌ಗಳಲ್ಲಿ 100 ಹರ್ಟ್ಸ್‌ನ ಒಂದೇ ಸ್ವರ ನುಡಿಸಿ, ಹೊರಹರಿವನ್ನು ಮಲ್ಟಿಮೀಟರಿನ ಎಸಿ ವೋಲ್ಟ್‌ನಲ್ಲಿ ಅಳೆಯಿರಿ. ಅಗ್ಗದ ಮಲ್ಟಿಮೀಟರುಗಳು 400 ಹರ್ಟ್ಸ್ ಆಚೆಗೆ ತಪ್ಪು ತೋರಿಸುವುದರಿಂದ ಕೆಳಗಿನ ಸ್ವರವೇ ಬೇಕು. ಜೋರಾಗಿರುವುದನ್ನು ಪ್ಲೇಯರಿನಲ್ಲಿ ತಗ್ಗಿಸಿ. ಎರಡರ ಅಂತರ ಶೇ 1ರ ಆಸುಪಾಸಿಗೆ, ಅಂದರೆ 0.1 ಡೆಸಿಬೆಲ್‌ಗೆ ಇಳಿಯಬೇಕು. ಎಡ ಬಲ ಎರಡೂ ಚಾನೆಲ್ ಅಳೆಯಿರಿ.

ನಂತರ ಎರಡನ್ನೂ ಆಂಪ್ಲಿಫೈಯರಿನ ಎರಡು ಒಳದಾರಿಗೆ ಜೋಡಿಸಿ. ಮನೆಯವರಲ್ಲೊಬ್ಬರು ನಾಣ್ಯ ಚಿಮ್ಮಿ, ಬಿದ್ದ ಬದಿಗೆ ತಕ್ಕಂತೆ ಡ್ಯಾಕ್ ಬದಲಿಸಿ ಕಾಗದದ ಮೇಲೆ ಬರೆದುಕೊಳ್ಳಲಿ. ನೀವು ಅವರ ಮುಖವನ್ನೂ ನೋಡಬಾರದು, ಅವರು ಮಾತನ್ನೂ ಆಡಬಾರದು. ಯಾವುದು ಯಾವುದೆಂದು ನೀವು ಬೇರೆ ಕಾಗದದಲ್ಲಿ ಬರೆಯಿರಿ. 16 ಸುತ್ತು ಮಾಡಿ. 12 ಅಥವಾ ಹೆಚ್ಚು ಸರಿ ಬಂದರೆ ಅದು ಅದೃಷ್ಟವಾಗಿರುವ ಸಾಧ್ಯತೆ ಶೇ 4ಕ್ಕಿಂತ ಕಡಿಮೆ, ನೀವು ನಿಜವಾಗಿಯೂ ವ್ಯತ್ಯಾಸ ಕೇಳುತ್ತಿದ್ದೀರಿ ಎಂದು ನಂಬಬಹುದು. 8, 9, 10 ಬಂದರೆ ಊಹೆ. ಒಂದೇ ಉಸಿರಿಗೆ ಮುಗಿಸಬೇಕಿಲ್ಲ, ಕಿವಿ ದಣಿದರೆ ನಿಲ್ಲಿಸಿ, ಮರುದಿನ ಮುಂದುವರಿಸಿ.

ಯಾವ ಹಾಡು? ಪೂರ್ತಿ ಹಾಡು ಬೇಡ. ಶಬ್ದದ ಸೂಕ್ಷ್ಮಗಳ ನೆನಪು ಕೆಲವು ಸೆಕೆಂಡಿಗೇ ಮಾಸುವುದರಿಂದ ಹತ್ತಿಪ್ಪತ್ತು ಸೆಕೆಂಡಿನ ತುಣುಕು ಸಾಕು. ತಂಬೂರಿ ಒಂದೇ ನುಡಿಯುವ ಆರಂಭ, ತಬಲಾದ ದಾಯಾಂ ಮೇಲಿನ ಒಂಟಿ ಹೊಡೆತ ನಂದುವ ರೀತಿ, ಹಾರ್ಮೋನಿಯಂ ಜೊತೆ ಒಬ್ಬರ ಕಂಠ, ಎಲ್ಲ ವಾದ್ಯ ಸೇರಿ ಗಿಜಿಗುಟ್ಟುವ ಸಿನಿಮಾ ಹಾಡಿನ ಒಂದು ಭಾಗ. ನಿಮಗೆ ಬಾಯಿಪಾಠವಾದ ಸಂಗೀತವೇ ಇರಲಿ. ಅಂಗಡಿಯವರು ಹಾಕುವ, ಎಂದೂ ಕೇಳದ ಪರದೇಶಿ ಮುದ್ರಣದಲ್ಲಿ ನೀವು ಯಾವುದನ್ನೂ ತೂಗಲಾರಿರಿ.

ಹೊರಗಿನ ಕ್ಲಾಕ್ ಪರೀಕ್ಷಿಸುವುದು ಇನ್ನೂ ಸುಲಭ, ಏಕೆಂದರೆ ಡ್ಯಾಕ್ ಒಂದೇ, ಮಟ್ಟ ಹೊಂದಿಸುವ ಕೆಲಸವಿಲ್ಲ. ಮೆನುವಿನಲ್ಲಿ ಒಳಗಿನದು, ಹೊರಗಿನದು ಎಂದು ಬದಲಿಸಿದರೆ ಆಯಿತು. ಒಂದು ಎಚ್ಚರ ಮಾತ್ರ. ಬದಲಿಸುವಾಗ ಡ್ಯಾಕ್ ಅರೆಕ್ಷಣ ಮೌನವಾಗುತ್ತದೆ ಅಥವಾ ರಿಲೇ ‘ಟಿಕ್’ ಎನ್ನುತ್ತದೆ. ಅದರಿಂದಲೇ ಉತ್ತರ ಗೊತ್ತಾಗಿಬಿಡಬಾರದು. ಹಾಗಾಗಿ ನಾಣ್ಯ ‘ಬದಲಿಸಬೇಡ’ ಎಂದು ಬಿದ್ದಾಗಲೂ ಸಹಾಯಕರು ಒಮ್ಮೆ ಆಚೆ ಹೋಗಿ ಮತ್ತೆ ಅದೇ ಜಾಗಕ್ಕೆ ಬರಲಿ, ‘ಬದಲಿಸು’ ಎಂದಾಗ ಆಚೆ, ಈಚೆ, ಮತ್ತೆ ಆಚೆ ಹೋಗಲಿ. ಮೌನಗಳನ್ನು ಎಣಿಸಲು ಸಿಗದಂತೆ ಆ ಹೊತ್ತಿನಲ್ಲಿ ಆಂಪ್ಲಿಫೈಯರ್ ಮ್ಯೂಟ್ ಮಾಡಿ.

ಅಳೆದೇ ನೋಡಬೇಕು ಎನ್ನುವವರಿಗೆ ಜೂಲಿಯನ್ ಡನ್ ರೂಪಿಸಿದ ಜೆ-ಟೆಸ್ಟ್ ಎಂಬ ಕಡತವಿದೆ. ಮಾದರಿ ದರದ ನಾಲ್ಕನೇ ಒಂದರಷ್ಟು ಸ್ವರ, ಅಂದರೆ 48 ಕಿಲೋಹರ್ಟ್ಸ್‌ನಲ್ಲಿ 12 ಕಿಲೋಹರ್ಟ್ಸ್, ಅದರ ಅಡಿಯಲ್ಲಿ ಸಣ್ಣದೊಂದು ಚೌಕ ಅಲೆ. ಇದನ್ನು ಡ್ಯಾಕ್‌ನಲ್ಲಿ ನುಡಿಸಿ, ಹಾಡು ಮುದ್ರಿಸಿಕೊಳ್ಳಲು ಇಟ್ಟುಕೊಂಡ ಯಾವುದಾದರೂ ಯುಎಸ್‌ಬಿ ಆಡಿಯೊ ಇಂಟರ್ಫೇಸಿನಲ್ಲಿ ಮುದ್ರಿಸಿ, ‘ರೂಮ್ ಈಕ್ಯೂ ವಿಜಾರ್ಡ್’ ಎಂಬ ಉಚಿತ ತಂತ್ರಾಂಶದಲ್ಲಿ ಸ್ಪೆಕ್ಟ್ರಂ ನೋಡಿ. ಒಂಟಿ ಕಂಬ ನಿಂತು ಬುಡ ಕಿರಿದಾಗಿದ್ದರೆ ಕ್ಲಾಕ್ ಚೆನ್ನಾಗಿದೆ. ಬುಡ ಅಗಲವಾಗಿ, ಅಕ್ಕಪಕ್ಕ ಚಿಗುರುಗಳಿದ್ದರೆ ಜಿಟ್ಟರ್. ಅಳೆಯುವ ಯಂತ್ರದ ಸ್ವಂತ ಜಿಟ್ಟರ್ ಕೂಡ ಅದರಲ್ಲಿ ಸೇರಿರುತ್ತದೆ ಎಂಬುದನ್ನು ಮರೆಯಬೇಡಿ. ಎಲೆಕ್ಟ್ರಾನಿಕ್ಸ್ ಓದುವ ಮಕ್ಕಳು ಮನೆಯಲ್ಲಿದ್ದರೆ ಅವರಿಗೆ ಇದು ಒಳ್ಳೆಯ ಪ್ರಾಜೆಕ್ಟ್.

ನಮ್ಮ ಕಡೆಯ ಕರೆಂಟು, ಬಿಸಿಲು, ಸಿಡಿಲು

ವಿದೇಶಿ ವಿಮರ್ಶೆಗಳಲ್ಲಿ ಸಿಗದ ವಿಷಯಗಳಿವು. ಜಪಾನಿನಿಂದ ತರಿಸಿದ ಯಂತ್ರ 100 ವೋಲ್ಟಿನದು, ಅಮೆರಿಕದ್ದು 120. ಒಳಗೆ ಟ್ರಾನ್ಸ್‌ಫಾರ್ಮರ್ ಇರುವ ದುಬಾರಿ ಡ್ಯಾಕ್‌ಗಳಲ್ಲಿ ಇದು ಸ್ವಿಚ್ ಒತ್ತಿ ಬದಲಿಸುವಂಥದ್ದೋ ಅಲ್ಲವೋ ಕೇಳಿ ತಿಳಿಯಿರಿ. ನಮ್ಮ 230 ವೋಲ್ಟಿಗೆ ನೇರ ಸಿಕ್ಕಿಸಿದರೆ ಮೊದಲ ದಿನವೇ ಸುಡುತ್ತದೆ.

ಡ್ಯಾಕ್ ಬದಲಿಸಿದಾಗ ‘ಹಿನ್ನೆಲೆ ಕಪ್ಪಾಯಿತು’ ಎಂಬ ಅನುಭವದ ಹಿಂದೆ ಎಷ್ಟೋ ಸಲ ಅರ್ಥಿಂಗ್ ಇರುತ್ತದೆ. ಸ್ಪೀಕರಿನಲ್ಲಿ ‘ಗುಂಯ್’ ಎಂಬ 50 ಹರ್ಟ್ಸ್ ಸದ್ದಿದ್ದರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ ನೋಡಿ. ಸದ್ದು ನಿಂತರೆ ಅದು ಗ್ರೌಂಡ್ ಲೂಪ್. ಆಪ್ಟಿಕಲ್ ಕೇಬಲ್ ಹಾಕಿದರೆ ಗುಣವಾಗುತ್ತದೆ, ಕೆಲವು ನೂರು ರೂಪಾಯಿ ಖರ್ಚು. ಡಿಷ್ ಅಥವಾ ಕೇಬಲ್ ಟಿವಿಯ ತಂತಿ ಆಂಪ್ಲಿಫೈಯರಿಗೆ ತಾಗಿದ್ದರೂ ಇದೇ ತೊಂದರೆ. ಮೂರನೇ ಪಿನ್ ಮುರಿದು ಸದ್ದು ನಿಲ್ಲಿಸುವ ಕೆಲಸ ಎಂದಿಗೂ ಮಾಡಬೇಡಿ, ಪ್ರಾಣಕ್ಕೆ ಅಪಾಯ. ಆನಗೋಡಿನ ಕಡೆಯ ಒಣ ಭೂಮಿಯಲ್ಲಿ ಬೇಸಿಗೆಗೆ ಮಣ್ಣು ಒಣಗಿ ಅರ್ಥ್ ಗುಂಡಿಯ ತಡೆ ಏರುತ್ತದೆ. ಮಾರ್ಚ್‌ನಿಂದ ಮಳೆ ಹಿಡಿಯುವ ತನಕ ಗುಂಡಿಗೆ ನೀರು ಹಾಕುತ್ತಿರಿ. ಇನ್ವರ್ಟರ್ ಹಳೆಯ ಚೌಕ ಅಲೆಯದಾಗಿದ್ದರೆ ಅದು ನಡೆಯುವಾಗ ಯಾವ ಡ್ಯಾಕ್‌ನ ಗುಣವನ್ನೂ ತೀರ್ಮಾನಿಸಬೇಡಿ.

ಬೇಸಿಗೆಯಲ್ಲಿ 38, 40 ಡಿಗ್ರಿ ಬಿಸಿಲಿರುವ ಊರಿನಲ್ಲಿ ಡ್ಯಾಕ್ ಮೇಲೆ ಆಂಪ್ಲಿಫೈಯರ್ ಹೇರಬೇಡಿ. ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಆಯಸ್ಸು ಪ್ರತಿ 10 ಡಿಗ್ರಿ ಏರಿಕೆಗೆ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಬಿಸಿ ಗೂಡಿನ ಕ್ಲಾಕ್‌ಗಳು ಸದಾ ಕರೆಂಟಿನಲ್ಲಿರಬೇಕು, ಕರೆಂಟ್ ಹೋಗಿ ಬಂದಾಗಲೆಲ್ಲ ಮತ್ತೆ ಸ್ಥಿರವಾಗಲು ಹೊತ್ತು ತೆಗೆದುಕೊಳ್ಳುತ್ತವೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಪ್ಲಗ್ ಜೊತೆಗೆ ನೆಟ್‌ವರ್ಕ್ ಕೇಬಲನ್ನೂ ಕಿತ್ತಿಡಿ. ಸಿಡಿಲಿನ ಹೊಡೆತ ಆ ದಾರಿಯಿಂದಲೂ ಬರುತ್ತದೆ.

ರಿಪೇರಿ ಎಲ್ಲಿ ಎಂಬುದನ್ನು ಬೆಲೆಯ ಭಾಗವೆಂದೇ ಎಣಿಸಿ. 2020ರ ಅಕ್ಟೋಬರ್‌ನಲ್ಲಿ ಜಪಾನಿನ ಎಕೆಎಂ ಚಿಪ್ ಕಾರ್ಖಾನೆಗೆ ಬೆಂಕಿ ಬಿದ್ದಾಗ ಹೆಸರಾಂತ ಡ್ಯಾಕ್‌ಗಳ ಚಿಪ್ಪೇ ಸಿಗದೆ ಹಲವು ಕಂಪನಿಗಳು ವಿನ್ಯಾಸ ಬದಲಿಸಿದವು. ಭಾರತದಲ್ಲಿ ಬಿಡಿಭಾಗ ಇಟ್ಟುಕೊಂಡು ರಿಪೇರಿ ಮಾಡುವವರಿಲ್ಲದ ಪೆಟ್ಟಿಗೆಗೆ ಮೂರು ಲಕ್ಷ ಹಾಕುವುದು ನನಗೆ ಸರಿಕಾಣದು.

ಹಣ ಎಲ್ಲಿ ಹಾಕಬೇಕು

ಕೋಣೆಯಲ್ಲಿ. ನಮ್ಮ ಹೊಸ ಮನೆಗಳ ಸಿಮೆಂಟ್ ಗೋಡೆ, ಟೈಲ್ಸ್ ಅಥವಾ ಗ್ರಾನೈಟ್ ನೆಲ ಶಬ್ದವನ್ನು ಕನ್ನಡಿಯಂತೆ ಹಿಂದಿರುಗಿಸುತ್ತವೆ. 15 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಕೋಣೆ ಸುಮಾರು 38, 47, 57 ಹರ್ಟ್ಸ್‌ಗಳಲ್ಲಿ ತಾನೇ ಮೊಳಗುತ್ತದೆ. ಆ ಜಾಗಗಳಲ್ಲಿ ಕುರ್ಚಿ ಎರಡಡಿ ಸರಿಸಿದರೆ 10 ಡೆಸಿಬೆಲ್ ಹೆಚ್ಚುಕಡಿಮೆ ಆಗಬಹುದು. ಮಟ್ಟ ಹೊಂದಿಸಿದ ಎರಡು ಒಳ್ಳೆಯ ಡ್ಯಾಕ್‌ಗಳ ನಡುವಿನ ಅಂತರ ಸಾಮಾನ್ಯವಾಗಿ 0.1 ಡೆಸಿಬೆಲ್‌ಗಿಂತ ಕಡಿಮೆ. ಸ್ಪೀಕರಿನ ವಿರೂಪ ಶೇ 0.3ರಿಂದ 1ರಷ್ಟಿದ್ದರೆ ಡ್ಯಾಕ್‌ನದು ಶೇ 0.001ಕ್ಕಿಂತ ಕೆಳಗೆ. ಸಂಜೆ ಹೊತ್ತು ಫ್ಯಾನ್ ತಿರುಗುತ್ತಾ, ಹೆದ್ದಾರಿಯ ಲಾರಿಗಳ ಸದ್ದು ಕಿಟಕಿಯಿಂದ ಬರುತ್ತಾ ಇರುವ ಕೋಣೆಯ ಗದ್ದಲ 35, 40 ಡೆಸಿಬೆಲ್ ಇದ್ದೇ ಇರುತ್ತದೆ. ಕಿಟಕಿಗೆ ರಬ್ಬರ್ ಪಟ್ಟಿ ಅಂಟಿಸಿ 5 ಡೆಸಿಬೆಲ್ ಇಳಿಸಿದರೆ ಅದು ಯಾವ ಡ್ಯಾಕ್‌ ಕೊಡುವ ‘ಮೌನ’ಕ್ಕಿಂತಲೂ ದೊಡ್ಡ ಲಾಭ.

ಹತ್ತಿ ಗಿರಣಿಗಳಿಂದ ಬೆಳೆದ ಊರು ದಾವಣಗೆರೆ. ಹಾಸಿಗೆ ಹೊಲಿಯುವವರಿಂದ ನಾಲ್ಕು ಇಂಚು ದಪ್ಪದ ಹತ್ತಿ ಪ್ಯಾನೆಲ್ ಮಾಡಿಸಿ, ಮರದ ಚೌಕಟ್ಟಿನಲ್ಲಿಟ್ಟು, ಸ್ಪೀಕರಿನ ಪಕ್ಕದ ಗೋಡೆಗಳಿಗೂ ಕೂರುವ ಜಾಗದ ಹಿಂದಿನ ಗೋಡೆಗೂ ನಿಲ್ಲಿಸಿ. ಕಂಠದ ಭಾಗವೆಲ್ಲ ತಿಳಿಯಾಗುತ್ತದೆ. ಚಳ್ಳಕೆರೆಯ ಕಂಬಳಿ ಒಂದೆರಡನ್ನು ನೆಲಕ್ಕೆ ಹಾಸಿದರೆ ಮೇಲಿನ ಸ್ವರಗಳ ಪ್ರತಿಧ್ವನಿ ತಗ್ಗುತ್ತದೆ, ಮಂದ್ರಕ್ಕೆ ಅದು ಏನೂ ಮಾಡದು. ಮಂದ್ರವನ್ನು ಅಳತೆಯ ಮೈಕ್ ಒಂದನ್ನು ಕೊಂಡು ಮೇಲೆ ಹೇಳಿದ ಅದೇ ಉಚಿತ ತಂತ್ರಾಂಶದಿಂದ ಅಳೆದು, ಸ್ಪೀಕರ್ ಸರಿಸಿ, ಉಳಿದದ್ದನ್ನು ಈಕ್ವಲೈಸರಿನಲ್ಲಿ ತಗ್ಗಿಸಿ.

ಒಟ್ಟು ಐದು ಲಕ್ಷ ಇದ್ದರೆ ನಾನು ಡ್ಯಾಕ್‌ಗೆ ಹದಿನೈದರಿಂದ ಮೂವತ್ತು ಸಾವಿರ ಇಡುತ್ತೇನೆ, ಹೆಚ್ಚು ಬೇಡ. ಮೂವತ್ತಾದರೆ ಒಳ್ಳೆಯ ವಾಲ್ಯೂಮ್ ಕಂಟ್ರೋಲ್, ರಿಮೋಟ್, ಈಕ್ವಲೈಸರ್ ಇರುವಂಥದ್ದು ನೋಡುತ್ತೇನೆ, ಏಕೆಂದರೆ ಅವು ದಿನವೂ ಬಳಕೆಗೆ ಬರುತ್ತವೆ. ಉಳಿದದ್ದು ಸ್ಪೀಕರಿಗೆ ಮತ್ತು ಕೋಣೆಗೆ. ಚೆನ್ನಾಗಿ ಕಟ್ಟಿದ ದುಬಾರಿ ಡ್ಯಾಕ್‌ನ ಲೋಹದ ಕೆಲಸ, ಗುಂಡಿಯ ಹಿತ, ಕಂಪನಿಯ ಇತಿಹಾಸ ಇಷ್ಟವಾಗಿ ಕೊಳ್ಳುವವರು ಸಂತೋಷವಾಗಿ ಕೊಳ್ಳಲಿ, ಅದಕ್ಕೂ ಬೆಲೆಯಿದೆ. ಒಂದೇ ಡ್ಯಾಕ್ ಇರುವ ಮನೆಗೆ ಹೊರಗಿನ ಕ್ಲಾಕ್ ಮಾತ್ರ ಬೇಡ.

ಇಷ್ಟಾದರೂ ಕೊಂಡೇ ನೋಡಬೇಕೆನಿಸಿದರೆ ಹಣ ಕೊಡುವ ಮುಂಚೆ ಎಷ್ಟು ದಿನದೊಳಗೆ ಹಿಂದಿರುಗಿಸಬಹುದು, ಎಷ್ಟು ಹಣ ವಾಪಸ್ ಬರುತ್ತದೆ ಎಂಬುದನ್ನು ಅಂಗಡಿಯವರಿಂದ ಬರಹದಲ್ಲಿ ಪಡೆಯಿರಿ. ಪೆಟ್ಟಿಗೆ, ಥರ್ಮೋಕೋಲ್ ಜೋಪಾನವಾಗಿಡಿ. ಬಂದ ಮೊದಲ ವಾರದಲ್ಲೇ ಮಟ್ಟ ಹೊಂದಿಸಿ 16 ಸುತ್ತಿನ ಪರೀಕ್ಷೆ ಮಾಡಿ. 12 ಸರಿ ಬಂದು, ಕೇಳಿದ ವ್ಯತ್ಯಾಸ ಇಷ್ಟವೂ ಆದರೆ ಇಟ್ಟುಕೊಳ್ಳಿ. ಇಲ್ಲದಿದ್ದರೆ ಗಡುವು ಮುಗಿಯುವ ಮುಂಚೆ ವಾಪಸ್ ಕಳಿಸಿ.